ಪೇ ಸ್ಲಿಪ್‌ನ ಪಿಎಫ್, ಇಎಸ್‌ಐ, ವಿಡಿಎ: ಯಾವುದು ಏನು?

ಪೀಣ್ಯದಲ್ಲೋ ಮದ್ದೂರಿನಲ್ಲೋ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರ ಪೇ ಸ್ಲಿಪ್ ನೋಡಿ. ಒಂದು ಕಡೆ ದುಡಿದದ್ದು, ಇನ್ನೊಂದು ಕಡೆ ಹಿಡಿದದ್ದು. ನಡುವೆ ಬರೀ ಎರಡು ಮೂರು ಅಕ್ಷರದ ಪದಗಳು. ಹೆಚ್ಚಿನವರು ಕೊನೆಯ ಸಾಲಿನ ನೆಟ್ ಪೇ ನೋಡಿ ಮಡಚಿಡುತ್ತಾರೆ. ಆದರೆ ವಿಷಯ ಇರುವುದು ಹಿಡಿದ ಕಡೆಯಲ್ಲೇ.

ಮೊದಲು ಬಂದದ್ದು. ಬೇಸಿಕ್ ಅಂದರೆ ಮೂಲ ವೇತನ. ವಿಡಿಎ ಅಂದರೆ ಬೆಲೆ ಏರಿಕೆಗೆ ತಕ್ಕಂತೆ ಬದಲಾಗುವ ತುಟ್ಟಿಭತ್ಯೆ. ಕರ್ನಾಟಕದಲ್ಲಿ ಇದು ಏಪ್ರಿಲ್‌ನಿಂದ ಬದಲಾಗುತ್ತದೆ, ಹಾಗಾಗಿ ಏಪ್ರಿಲ್ ತಿಂಗಳ ಸ್ಲಿಪ್ಪನ್ನು ಮಾರ್ಚ್‌ನದರ ಪಕ್ಕ ಇಟ್ಟು ನೋಡಲೇಬೇಕು. ಓಟಿ ಹೆಚ್ಚುವರಿ ದುಡಿಮೆಯದು, ಕಾರ್ಖಾನೆಯಲ್ಲಿ ಅದಕ್ಕೆ ಎರಡು ಪಟ್ಟು ದರ. ಎಲ್‌ಒಪಿ ಅಂದರೆ ರಜೆ ಉಳಿದಿಲ್ಲದೆ ಹೋದ ದಿನ, ಆ ದಿನದ ಸಂಬಳ ಇಲ್ಲ.

ಈಗ ಹಿಡಿದದ್ದು. ಲೆಕ್ಕಕ್ಕೆ ಬೇಸಿಕ್ ಮತ್ತು ವಿಡಿಎ ಸೇರಿ 14,000 ರೂಪಾಯಿ, ಬೇರೆ ಭತ್ಯೆ ಇಲ್ಲ ಅಂದುಕೊಳ್ಳೋಣ. ಪಿಎಫ್ ಅಂದರೆ ಭವಿಷ್ಯ ನಿಧಿ, ಅದಕ್ಕೆ ಶೇ. 12, ಅಂದರೆ 1,680. ಇಎಸ್‌ಐ ಅಂದರೆ ಕಾರ್ಮಿಕರ ವಿಮೆ, ಅದಕ್ಕೆ ಶೇ. 0.75, ಅಂದರೆ 105. ಕೈಗೆ ಬರುವುದು 12,215.

‘ಪಿಎಫ್ ಅಂತ ಸುಮ್ನೆ ಅಷ್ಟು ದುಡ್ಡು ಹೋಯ್ತು’ ಅನ್ನುವ ಮಾತು ಹೊಲಿಗೆ ಲೈನ್‌ನಲ್ಲಿ ಕೇಳುತ್ತಲೇ ಇರುತ್ತದೆ. ಹೋಗಿಲ್ಲ, ಅದು ನಿಮ್ಮದೇ ಹೆಸರಿನಲ್ಲಿದೆ. ಅದರ ಜೊತೆಗೆ ಕಂಪನಿಯೂ ಅಷ್ಟೇ 1,680 ಕಟ್ಟಬೇಕು. ಎಷ್ಟೋ ಸ್ಲಿಪ್‌ಗಳಲ್ಲಿ ಅದು ಕಾಣಿಸುವುದೇ ಇಲ್ಲ. ಕಂಪನಿಯ ಆ ಪಾಲಿನಲ್ಲಿ 1,166 ರೂಪಾಯಿ ಇಪಿಎಸ್‌ಗೆ, ಅಂದರೆ ಪಿಂಚಣಿಗೆ ಹೋಗುತ್ತದೆ. ಉಳಿದ 514 ನಿಮ್ಮ ಪಿಎಫ್‌ಗೆ ಸೇರುತ್ತದೆ. ತಿಂಗಳು ತಿಂಗಳು ಪಿಂಚಣಿ ಬರಬೇಕಾದರೆ ಹತ್ತು ವರ್ಷದ ಸೇವೆ ಬೇಕು. ಫ್ಯಾಕ್ಟರಿ ಬದಲಾಯಿಸಿದಾಗಲೆಲ್ಲ ಪಿಂಚಣಿ ಹಣವನ್ನೂ ಬಿಡಿಸಿಕೊಂಡರೆ ಆ ವರ್ಷಗಳು ಲೆಕ್ಕಕ್ಕೆ ಸಿಗುವುದಿಲ್ಲ. ಮದುವೆ, ಹೆರಿಗೆ ಅಂತ ಕೆಲಸ ಬಿಟ್ಟು ಮತ್ತೆ ಸೇರುವ ಹೆಣ್ಣುಮಕ್ಕಳಿಗೆ ಇದರಿಂದ ಆಗುವ ನಷ್ಟ ದೊಡ್ಡದು. ಹೊಸ ಕಡೆ ಸೇರುವಾಗ ಹಳೇ ಯುಎಎನ್ ಅನ್ನೇ ಕೊಡಿ. ಅದು ನಿಮ್ಮ ಪಿಎಫ್‌ನ 12 ಅಂಕಿಯ ನಂಬರ್, ಕಂಪನಿ ಬದಲಾದರೂ ಅದು ಬದಲಾಗಬಾರದು.

ಇಎಸ್‌ಐ ಚಿಕಿತ್ಸೆಗೆ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದವರಿಗೆ ಇದು ಅನ್ವಯ. ನಿಮ್ಮ 105ಕ್ಕೆ ಕಂಪನಿ 455 ಸೇರಿಸುತ್ತದೆ. ಆಸ್ಪತ್ರೆ ಖರ್ಚು ಒಂದೇ ಅಲ್ಲ, ಕಾಯಿಲೆ ಬಿದ್ದು ರಜೆ ಹಾಕಿದರೆ ಕೂಲಿಯ ಶೇ. 70ರಷ್ಟನ್ನು ವರ್ಷಕ್ಕೆ 91 ದಿನದವರೆಗೆ ಕೊಡುತ್ತಾರೆ. ಆದರೆ ಅದಕ್ಕೆ ಹಿಂದಿನ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಸೇರಿರಬೇಕು. ಓಟಿ ಹಣದಲ್ಲಿ ಪಿಎಫ್ ಹಿಡಿಯುವುದಿಲ್ಲ. 

ಪಿಟಿ ವೃತ್ತಿ ತೆರಿಗೆ. ಕರ್ನಾಟಕದಲ್ಲಿ ತಿಂಗಳಿಗೆ 25,000 ಮುಟ್ಟಿದವರಿಗೆ 200 ರೂಪಾಯಿ, 2025ರ ಏಪ್ರಿಲ್‌ನಿಂದ ಈಚೆಗೆ ಫೆಬ್ರವರಿಯಲ್ಲಿ ಮಾತ್ರ 300. ಅದಕ್ಕಿಂತ ಕಡಿಮೆ ಸಂಬಳಕ್ಕೆ ಪಿಟಿ ಹಿಡಿದಿದ್ದರೆ ಆಫೀಸಿನಲ್ಲಿ ಕೇಳಿ. ಎಲ್‌ಡಬ್ಲ್ಯುಎಫ್ ಕಾರ್ಮಿಕ ಕಲ್ಯಾಣ ನಿಧಿಗೆ ವರ್ಷಕ್ಕೊಮ್ಮೆ ಹೋಗುವ ಸಣ್ಣ ಮೊತ್ತ.

ಸ್ಲಿಪ್‌ನಲ್ಲಿ ಹಿಡಿದಿದೆ ಅಂತ ಬರೆದಿದ್ದ ಮಾತ್ರಕ್ಕೆ ಹಣ ಖಾತೆಗೆ ಸೇರಿದೆ ಅಂತಲ್ಲ. ಸರ್ಕಾರದ ಉಮಂಗ್ ಆಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು ಆ ತಿಂಗಳ ಎದುರು ನಿಮ್ಮ ಪಾಲು 1,680, ಕಂಪನಿಯ ಪಾಲು 514, ಪಿಂಚಣಿ 1,166 ಅಂತ ಮೂರೂ ಬಂದಿವೆಯಾ ನೋಡಿ. ಕೆಲವು ತಿಂಗಳು ಖಾಲಿ ಇದ್ದರೆ ಆ ತಿಂಗಳ ಸ್ಲಿಪ್ ತೆಗೆದುಕೊಂಡು ಪಿಎಫ್ ಕಚೇರಿಗೆ ದೂರು ಕೊಡಬಹುದು.