ಗೈಡೆಡ್ ಬೈ ವಾಯ್ಸಸ್: ಯಾವ ಆಲ್ಬಂನಿಂದ ಶುರು ಮಾಡೋದು?

‘ಬೀ ಥೌಸಂಡ್’ ಆಲ್ಬಂನ ಮೊದಲ ಹಾಡಿನಲ್ಲೇ ಗಿಟಾರ್ ಕೈಕೊಡುತ್ತದೆ. ಹಾಡು ನಡೆಯುತ್ತಿರುವಾಗಲೇ ಅದರ ಸದ್ದು ಪಟ್ಟನೆ ಮಾಯವಾಗಿ, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ಹಾಡುವವನು ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತಾನೆ. ಮೊದಲ ಸಲ ಕೇಳಿದಾಗ ನಾನು ಹೆಡ್‌ಫೋನ್ ವೈರು ಅಲ್ಲಾಡಿಸಿ ನೋಡಿದ್ದೆ. ವೈರು ಸರಿಯಾಗಿಯೇ ಇತ್ತು. ರೆಕಾರ್ಡಿಂಗೇ ಹಾಗಿದೆ, ಅದನ್ನು ಯಾರೂ ಸರಿ ಮಾಡಲು ಹೋಗಿಲ್ಲ.

ಗೈಡೆಡ್ ಬೈ ವಾಯ್ಸಸ್ ಎಂಬ ಅಮೆರಿಕದ ಈ ಬ್ಯಾಂಡನ್ನು ಹೊಸದಾಗಿ ಕೇಳಬೇಕು ಅನ್ನುವವರ ಕೈಗೆ ಅಭಿಮಾನಿಗಳು ಮೂವತ್ತು ವರ್ಷಗಳಿಂದ ಇಡುತ್ತಿರುವುದು ಇದೇ ಆಲ್ಬಂ. ಕೆಲವರು ಅಲ್ಲೇ ಮರುಳಾಗುತ್ತಾರೆ. ಜಾಸ್ತಿ ಜನ ಎರಡು ಹಾಡು ಕೇಳಿ ಎದ್ದು ಹೋಗುತ್ತಾರೆ. ಹೋದವರಿಗೆ ಬೇರೆ ಯಾವುದನ್ನಾದರೂ ಕೊಡಬೇಕಿತ್ತೇ ಅನ್ನುವುದೇ ಜಗಳ. ಬ್ಯಾಂಡಿನ ಆಲ್ಬಂಗಳ ಲೆಕ್ಕ ಈಗ ನಲವತ್ತರ ಆಸುಪಾಸಿಗೆ ಬಂದಿರುವುದರಿಂದ ಜಗಳವೂ ಬೆಳೆದಿದೆ.

ಶುರುವಿನ ಕಥೆ ಬೇಗ ಹೇಳಿ ಮುಗಿಸಬಹುದು. 1983ರಲ್ಲಿ ಒಹಾಯೊ ರಾಜ್ಯದ ಡೇಟನ್‌ನಲ್ಲಿ ರಾಬರ್ಟ್ ಪೊಲಾರ್ಡ್ ಎಂಬ ಮೇಷ್ಟ್ರು ಗೆಳೆಯರನ್ನು ಕಟ್ಟಿಕೊಂಡು ಬ್ಯಾಂಡ್ ಮಾಡಿದ. ಹಗಲು ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಪಾಠ, ಬಿಡುವಿನಲ್ಲಿ ಹಾಡು. 1987ರಿಂದ 1990ರ ಒಳಗೆ ಸ್ವಂತ ದುಡ್ಡು ಹಾಕಿ ನಾಲ್ಕು ಆಲ್ಬಂ ತಂದರು. ಒಂದಿಷ್ಟೇ ಪ್ರತಿಗಳು, ಕೇಳಿದವರು ಇನ್ನೂ ಕಡಿಮೆ. ಈ ನಾಲ್ಕರಿಂದ ಶುರು ಮಾಡಿ ಎಂದು ಯಾರಾದರೂ ಹೇಳಿದರೆ ಅವರು ತಮಾಷೆ ಮಾಡುತ್ತಿದ್ದಾರೆ ಅಂದುಕೊಳ್ಳಿ.

ವಿಷಯ ರಂಗೇರುವುದು 1992ರಲ್ಲಿ, ‘ಪ್ರೊಪೆಲ್ಲರ್’ ಬಂದಾಗ. ಇದೇ ಕೊನೆಯದು, ಇನ್ನು ಸಾಕು ಎಂದುಕೊಂಡೇ ಮಾಡಿದ ಆಲ್ಬಂ ಅದು. 500 ಎಲ್‌ಪಿ ಅಚ್ಚು ಹಾಕಿಸಿದರು. ಹೊದಿಕೆ ಪ್ರಿಂಟ್ ಮಾಡಿಸುವ ಬದಲು ಬ್ಯಾಂಡಿನವರು, ಗೆಳೆಯರು ಸೇರಿ ಒಂದೊಂದನ್ನೂ ಕೈಯಾರೆ ಮಾಡಿದರು. ಬಣ್ಣ ಬಳಿದರು, ಚಿತ್ರ ಕತ್ತರಿಸಿ ಅಂಟಿಸಿದರು. ಒಂದರ ಹಾಗೆ ಇನ್ನೊಂದಿಲ್ಲ. ಈಗ ಅದರ ಒಂದು ಪ್ರತಿ ಸಾವಿರಾರು ಡಾಲರಿಗೆ ಕೈ ಬದಲಾಯಿಸುತ್ತದೆ. ಆಲ್ಬಂ ಶುರುವಾಗುವುದೇ ಜನಜಂಗುಳಿಯ ಕೂಗಿನಿಂದ: ‘ಜಿ-ಬಿ-ವಿ! ಜಿ-ಬಿ-ವಿ!’ ಬ್ಯಾಂಡಿನ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು. ಆ ಜನಜಂಗುಳಿ ಇರಲೇ ಇಲ್ಲ. ಆಗ ಬ್ಯಾಂಡ್ ವೇದಿಕೆ ಹತ್ತುವುದನ್ನೇ ಬಿಟ್ಟಿತ್ತು. ಕೂಗು ತಾವೇ ಸೇರಿಸಿಕೊಂಡದ್ದು. ತಮಾಷೆಯೆಂದರೆ, ಮುಂದೆ ಕಾರ್ಯಕ್ರಮಗಳಲ್ಲಿ ನಿಜವಾದ ಜನ ನಿಜವಾಗಿಯೂ ಹಾಗೇ ಕೂಗಿದರು.

‘ಪ್ರೊಪೆಲ್ಲರ್’ ಕ್ಲೀವ್‌ಲ್ಯಾಂಡಿನ ಸ್ಕ್ಯಾಟ್ ರೆಕಾರ್ಡ್ಸ್ ಎಂಬ, ಆಲ್ಬಂ ಹೊರತರುವ ಪುಟ್ಟ ಲೇಬಲ್‌ನವರ ಕಿವಿಗೆ ಬಿತ್ತು. 1993ರಲ್ಲಿ ಅವರಿಂದ ‘ವ್ಯಾಂಪೈರ್ ಆನ್ ಟೈಟಸ್’ ಬಂತು. ಬ್ಯಾಂಡು ನ್ಯೂಯಾರ್ಕಿನ ಸಿಬಿಜಿಬಿ ಕ್ಲಬ್ಬಿನಲ್ಲಿ ಹಾಡಿದ್ದೂ ಅದೇ ವರ್ಷ. 1994ರಲ್ಲಿ ‘ಬೀ ಥೌಸಂಡ್’: 20 ಹಾಡು, ಒಟ್ಟು 36 ನಿಮಿಷ.

ಇಲ್ಲಿ ಒಂದು ಯಂತ್ರದ ಬಗ್ಗೆ ಹೇಳಲೇಬೇಕು, ಏಕೆಂದರೆ ಎಲ್ಲ ಜಗಳದ ಬೇರು ಅದರಲ್ಲಿದೆ. ಈ ಹಾಡುಗಳಲ್ಲಿ ಹೆಚ್ಚಿನವು ನೆಲಮಾಳಿಗೆ, ಗ್ಯಾರೇಜುಗಳಲ್ಲಿ ಫೋರ್-ಟ್ರ್ಯಾಕ್ ಕ್ಯಾಸೆಟ್ ರೆಕಾರ್ಡರಿನಲ್ಲಿ ದಾಖಲಾದವು. ನಾವು ಹಾಡು ಕೇಳುತ್ತಿದ್ದಂಥದ್ದೇ ಕ್ಯಾಸೆಟ್. ಅದರ ತೆಳ್ಳಗಿನ ಟೇಪಿನಲ್ಲಿ ನಾಲ್ಕು ಸಾಲು. ಒಂದಕ್ಕೆ ಡ್ರಮ್ಸ್, ಒಂದಕ್ಕೆ ಬೇಸ್, ಒಂದಕ್ಕೆ ಗಿಟಾರ್, ಒಂದಕ್ಕೆ ದನಿ. ಅಲ್ಲಿಗೆ ಜಾಗ ಮುಗಿಯಿತು. ಇನ್ನೊಂದು ದನಿ ಬೇಕೆಂದರೆ ನಾಲ್ಕನೆಯದು ಖಾಲಿ ಇರುವಾಗಲೇ ಮೊದಲ ಮೂರನ್ನು ಬೆರೆಸಿ ಅದಕ್ಕೆ ತುಂಬಿ, ಖಾಲಿಯಾದ ಸಾಲುಗಳನ್ನು ಮತ್ತೆ ಬಳಸಬೇಕು. ಹೀಗೆ ತುಂಬಿದಾಗಲೆಲ್ಲ ಟೇಪಿನ ‘ಸ್‌ಸ್‌ಸ್’ ಸದ್ದು ಒಂದು ಪದರ ಜಾಸ್ತಿಯಾಗುತ್ತದೆ. ಒಮ್ಮೆ ಬೆರೆಸಿದ್ದನ್ನು ಬಿಡಿಸಲು ಬರುವುದಿಲ್ಲ. ಗಿಟಾರ್ ಸದ್ದು ಕಡಿದುಹೋಗಿದ್ದರೆ ಪೂರ್ತಿ ಮತ್ತೆ ನುಡಿಸಬೇಕು, ಇಲ್ಲವೇ ಹಾಗೇ ಬಿಡಬೇಕು. ಇವರು ಹಾಗೇ ಬಿಟ್ಟರು.

ಇದಕ್ಕೆ ಲೋ-ಫೈ ಎಂಬ ಹೆಸರಿದೆ. ಹೆಸರು ಬಿದ್ದ ಮೇಲೆ ಅದೊಂದು ಸಿದ್ಧಾಂತವೇ ಆಯಿತು. ಕೈಯಲ್ಲಿ ಕಾಸಿಲ್ಲದೆ, ಕಾಯುವ ತಾಳ್ಮೆಯೂ ಇಲ್ಲದೆ ಮಾಡಿದ ಕೆಲಸವನ್ನು ಕೇಳುಗರು ‘ಪ್ರಾಮಾಣಿಕ ಸದ್ದು’ ಅಂದರು. ಯಾರೋ ಒಬ್ಬರು ಕೂತು ತೀರ್ಮಾನಿಸಿದ್ದಲ್ಲ ಬಿಡಿ, ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಆದರೆ ಪರಿಣಾಮ ಏನಾಯಿತೆಂದರೆ, ಟೇಪಿನ ಸದ್ದನ್ನು ತಡೆದುಕೊಳ್ಳುವುದು ಹೊಸಬರಿಗೆ ಒಂದು ಪರೀಕ್ಷೆಯಾಯಿತು. ಪಾಸಾದರೆ ಒಳಗೆ. ಅದೇ ಆಲ್ಬಂನಲ್ಲಿ ಒಮ್ಮೆ ಕೇಳಿದರೆ ದಿನವಿಡೀ ಗುನುಗುವಂಥ ರಾಗಗಳಿವೆ ಅನ್ನುವುದು ಮಾತಿನಲ್ಲಿ ಹಿಂದೆ ಬಿತ್ತು. ಪೊಲಾರ್ಡನ ಜೊತೆಗಾರ ಟೋಬಿನ್ ಸ್ಪ್ರೌಟ್‌ನ ಮೆತ್ತಗಿನ ಹಾಡುಗಳನ್ನೇ ನೋಡಿ, ಅವುಗಳಲ್ಲಿ ಒರಟುತನ ಎಲ್ಲಿದೆ?

1994ರಲ್ಲೇ ಪೊಲಾರ್ಡ್ ಮೇಷ್ಟ್ರ ಕೆಲಸ ಬಿಟ್ಟ. ವಯಸ್ಸು 36 ದಾಟಿತ್ತು. ರಾಕ್ ಬ್ಯಾಂಡಿನಲ್ಲಿ ಜನ ಸುಸ್ತಾಗುವ ವಯಸ್ಸಿನಲ್ಲಿ ಇವನು ಫುಲ್‌ಟೈಮ್ ಆದ. ಮರುವರ್ಷ ಮ್ಯಾಟಡಾರ್ ಲೇಬಲ್‌ನಿಂದ ‘ಏಲಿಯನ್ ಲೇನ್ಸ್’ ಬಂತು: 28 ಹಾಡು, 41 ನಿಮಿಷ. ಆಗ ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಿದ್ದವರೊಬ್ಬರು ಮುಂದೆ ಬರೆದ ಪ್ರಕಾರ, ಲೇಬಲ್ ಜೊತೆಗಿನ ಒಪ್ಪಂದ ಲಕ್ಷ ಡಾಲರಿನ ಹತ್ತಿರದ್ದು, ರೆಕಾರ್ಡಿಂಗಿಗೆ ಆದ ಖರ್ಚು ಬಿಯರ್ ಬಿಟ್ಟರೆ ಸುಮಾರು 10 ಡಾಲರ್. ಇದರಲ್ಲಿ ಹಾಡುಗಳ ನಡುವೆ ಉಸಿರು ಬಿಡಲೂ ಜಾಗವಿಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಅರ್ಧ ಓಡಿರುತ್ತದೆ. ಕೆಲವು ಒಂದು ನಿಮಿಷವೂ ಇಲ್ಲ. ಒಂದು ಹಾಡು ಹಿಡಿಸದಿದ್ದರೆ ಸುಮ್ನೆ ಕೂತಿರಿ, ಅದು ತಾನೇ ಹೋಗುತ್ತದೆ. ಹೊಸಬರಿಗೆ ಇದು ‘ಬೀ ಥೌಸಂಡ್’ಗಿಂತ ಸುಲಭ ಎನ್ನುವ ಗುಂಪೊಂದು ಆಗಲೇ ಹುಟ್ಟಿತು. ನನ್ನ ಮತವೂ ಹೆಚ್ಚುಕಡಿಮೆ ಅತ್ತಲೇ.

1996ರ ‘ಅಂಡರ್ ದ ಬುಶಸ್ ಅಂಡರ್ ದ ಸ್ಟಾರ್ಸ್’ ಹೊತ್ತಿಗೆ ಬ್ಯಾಂಡು ಕ್ಯಾಸೆಟ್ಟಿನಿಂದ ಸ್ಟುಡಿಯೊಗೆ ಕಾಲಿಟ್ಟಿತ್ತು. ಅದಾದ ಮೇಲೆ ಹಳೆಯ ತಂಡವೂ ಒಡೆಯಿತು, ಸ್ಪ್ರೌಟ್ ಹೊರಟ. 1997ರಲ್ಲಿ ಪೊಲಾರ್ಡ್ ಕ್ಲೀವ್‌ಲ್ಯಾಂಡಿನ ಕೋಬ್ರಾ ವರ್ಡೆ ಎಂಬ ಇನ್ನೊಂದು ಬ್ಯಾಂಡನ್ನೇ ಹಿಂದೆ ನಿಲ್ಲಿಸಿಕೊಂಡು ‘ಮ್ಯಾಗ್ ಇಯರ್‌ವಿಗ್!’ ಮಾಡಿದ. ಗಿಟಾರಿಸ್ಟ್ ಡಗ್ ಗಿಲಾರ್ಡ್ ಬಂದದ್ದು ಆಗಲೇ.

ಆಮೇಲೆ 1999. ದ ಕಾರ್ಸ್ ಬ್ಯಾಂಡಿನ ರಿಕ್ ಒಕಾಸೆಕ್ ಪ್ರೊಡ್ಯೂಸರ್ ಆಗಿ ‘ಡು ದ ಕೊಲಾಪ್ಸ್’ ಬಂತು. ಹೊಳೆಯುವ ಸದ್ದು, ರೇಡಿಯೊಗೆ ಹೇಳಿ ಮಾಡಿಸಿದ್ದು. ಹಳೆಯ ಅಭಿಮಾನಿಗಳಿಗೆ ಮನೆ ಮಗ ಸೂಟು ಹಾಕಿಕೊಂಡು ಬಂದ ಹಾಗಾಯಿತು. ಎರಡು ವರ್ಷದ ನಂತರ ಬಂದ ‘ಐಸೊಲೇಶನ್ ಡ್ರಿಲ್ಸ್’ ಅದಕ್ಕಿಂತ ಎಷ್ಟೋ ಗಟ್ಟಿಯಾಗಿತ್ತು. ಸ್ಟುಡಿಯೊ ಕೆಲಸ ಚೊಕ್ಕ, ಹಾಡುಗಳಲ್ಲಿ ನೋವೂ ಇದೆ. ಈ ಎರಡರಿಂದ ಒಳಗೆ ಬಂದವರು ಕಡಿಮೆಯೇನಲ್ಲ. ಆದರೆ ಅವರು ಬಹಳ ದಿನ ಬಾಯಿ ಬಿಡಲಿಲ್ಲ. ಬಿಟ್ಟರೆ ‘ಓ, ನೀನು ಆ ಕಾಲದವನಾ’ ಅನ್ನುವ ಉತ್ತರ ಸಿಗುತ್ತಿತ್ತು.

2003ರಲ್ಲಿ ಬ್ಯಾಂಡೇ ಒಂದು ಉತ್ತರ ಕೊಟ್ಟಿತು: ‘ಹ್ಯೂಮನ್ ಅಮ್ಯೂಸ್‌ಮೆಂಟ್ಸ್ ಅಟ್ ಅವರ್ಲಿ ರೇಟ್ಸ್’, 32 ಹಾಡಿನ ಆಯ್ದ ಸಂಕಲನ. ಕಾಲಕ್ರಮ ಬಿಟ್ಟು, ಟೇಪಿನ ಹಾಡಿನ ಪಕ್ಕ ಸ್ಟುಡಿಯೊ ಹಾಡು ಕೂರಿಸಿದ್ದರು. ಹಾಗೆ ಕೇಳಿದಾಗ ಎರಡೂ ಒಬ್ಬನದ್ದೇ ಕೈ ಅನ್ನುವುದು ಥಟ್ಟನೆ ತಿಳಿಯುತ್ತದೆ. 2004ರ ಡಿಸೆಂಬರ್ 31ರ ರಾತ್ರಿ ಶಿಕಾಗೊದಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟು ಬ್ಯಾಂಡ್ ಮುಚ್ಚಿದರು. ಆಗ ಲೆಕ್ಕ 15 ಆಲ್ಬಂ, ಒಂದು ಸಂಕಲನ. ಪಟ್ಟಿ ಪೂರ್ತಿಯಾಯಿತು, ಇನ್ನು ಸಮಾಧಾನವಾಗಿ ಕಿತ್ತಾಡಬಹುದು ಅಂದುಕೊಂಡರು ಎಲ್ಲರೂ.

ಎಲ್ಲಿಯ ಸಮಾಧಾನ. 2010ರಲ್ಲಿ ಮ್ಯಾಟಡಾರ್ ಲೇಬಲ್‌ಗೆ 21 ವರ್ಷ ತುಂಬಿದ ನೆಪದಲ್ಲಿ ತೊಂಬತ್ತರ ದಶಕದ ಹಳೆಯ ತಂಡ ಲಾಸ್ ವೇಗಾಸ್‌ನಲ್ಲಿ ಮತ್ತೆ ಸೇರಿತು. 2012 ಒಂದರಲ್ಲೇ ಮೂರು ಆಲ್ಬಂ. 2014ರಲ್ಲಿ ಮತ್ತೆ ಚದುರಿತು. 2016ರಲ್ಲಿ ಪೊಲಾರ್ಡ್ ಎಲ್ಲ ವಾದ್ಯಗಳನ್ನೂ ತಾನೇ ನುಡಿಸಿ ಬ್ಯಾಂಡಿನ ಹೆಸರಿನಲ್ಲಿ ಒಂದು ತಂದ. 2017ರ ‘ಆಗಸ್ಟ್ ಬೈ ಕೇಕ್’ ಡಬಲ್ ಆಲ್ಬಂ. ಬೇರೆ ಹೆಸರುಗಳಲ್ಲಿ ಮಾಡಿದ್ದನ್ನೂ ಸೇರಿಸಿದರೆ ಅದು ಪೊಲಾರ್ಡನ ನೂರನೆಯದು. 2019ರಲ್ಲಿ ಮೂರು, 2020ರಲ್ಲಿ ಮೂರು, 2023ರಲ್ಲಿ ಮತ್ತೆ ಮೂರು. ಮೊದಲ 21 ವರ್ಷಗಳಲ್ಲಿ ಬಂದದ್ದಕ್ಕಿಂತ ಮರಳಿ ಬಂದ ಮೇಲಿನವೇ ಜಾಸ್ತಿ.

ಇದರಿಂದ ಪ್ರಶ್ನೆಯ ರೂಪವೇ ಬದಲಾಯಿತು. ಮೊದಲು ಕ್ಯಾಸೆಟ್ಟಾ ಸ್ಟುಡಿಯೊವಾ ಎಂಬುದಷ್ಟೇ ಇತ್ತು. ಈಗ ಹಳೆಯದಾ ಹೊಸದಾ ಎಂಬುದೂ ಸೇರಿತು. 2018ರ ‘ಸ್ಪೇಸ್ ಗನ್’ನಿಂದ ಶುರು ಮಾಡಿ ಅನ್ನುವವರಿದ್ದಾರೆ. ಆ ವರ್ಷ ಬಂದದ್ದು ಅದೊಂದೇ, ತಂಡವೂ ಹದಕ್ಕೆ ಬಂದಿತ್ತು, ಅಡ್ಡಿ ಹೇಳುವುದು ಕಷ್ಟ. ಸ್ಟ್ರೀಮಿಂಗ್ ಆ್ಯಪ್‌ಗಳು ತಮ್ಮದೇ ಉತ್ತರ ಕೊಡುತ್ತವೆ: ಮೇಲೆ ಜನಪ್ರಿಯ ಹಾಡುಗಳು, ಕೆಳಗೆ ತೀರಾ ಈಚಿನ ಆಲ್ಬಂ, ಹಳೆಯವೆಲ್ಲ ತಳದಲ್ಲಿ. ‘ಏಲಿಯನ್ ಲೇನ್ಸ್’ನ ಒಂದು ಹಾಡನ್ನು ಹಾಗೆ ಒಂಟಿಯಾಗಿ ಕೇಳಿದರೆ ನಡುರಸ್ತೆಯಲ್ಲಿ ಬಸ್ ಹತ್ತಿ ಮುಂದಿನ ತಿರುವಿನಲ್ಲೇ ಇಳಿದಂತಿರುತ್ತದೆ.

ಹಳೆಯ ಗೆಳೆಯನೊಬ್ಬನಿಗೆ ನಾನು ಮೊದಲು ಕೊಟ್ಟದ್ದು ‘ವ್ಯಾಂಪೈರ್ ಆನ್ ಟೈಟಸ್’. ಇದ್ದದ್ದರಲ್ಲೇ ಕರಕರ ಸದ್ದಿನದು. ಆ ದಿನಗಳಲ್ಲಿ ನಾನೂ ಪರೀಕ್ಷೆ ಇಡುವವರ ಪೈಕಿ ಆಗಿದ್ದೆ ಅಂತ ಕಾಣುತ್ತದೆ. ಮರುದಿನವೇ ವಾಪಸ್ ಬಂತು. ‘ನಿನ್ನ ಸೀಡಿ ಹಾಳಾಗಿದೆ’ ಅಂದ. ಎಷ್ಟೋ ವರ್ಷ ಬಿಟ್ಟು ‘ಐಸೊಲೇಶನ್ ಡ್ರಿಲ್ಸ್’ ಕೇಳಿಸಿದೆ. ಅಲ್ಲಿಂದ ಅವನು ಹಿಂದಕ್ಕೆ ನಡೆಯುತ್ತಾ ‘ಅಂಡರ್ ದ ಬುಶಸ್’, ಆಮೇಲೆ ‘ಏಲಿಯನ್ ಲೇನ್ಸ್’, ಕೊನೆಗೆ ‘ಬೀ ಥೌಸಂಡ್’ ತಲುಪಿದ. ಗಿಟಾರ್ ಕೈಕೊಡುವ ಜಾಗ ಬಂದಾಗ ಅವನೂ ವೈರು ಅಲ್ಲಾಡಿಸಿದನಂತೆ. ಈಗ 2019ರ ಮೇಲಿನವುಗಳಲ್ಲಿ ಯಾವುದನ್ನು ಕೇಳಲಿ ಅಂತ ಮೆಸೇಜ್ ಹಾಕಿದ್ದಾನೆ. ನಾಲ್ಕು ದಿನವಾಯಿತು, ನಾನಿನ್ನೂ ಉತ್ತರ ಕೊಟ್ಟಿಲ್ಲ. 2023ರ ಮೂರರಲ್ಲಿ ಒಂದನ್ನು ನಾನೇ ಪೂರ್ತಿ ಕೇಳಿಲ್ಲ.