ಎಲ್ಲವೂ ಎಲ್ಲರದ್ದಾಗಿದ್ದ ಊರಲ್ಲಿ ಖಾಸಗಿ ಕಾಗದ ಎಲ್ಲಿಂದ ಬಂತು?

ಓದುಗರ ಪ್ರಶ್ನೆ: ಕಿಬ್ಬುಟ್ಸ್‌ನಲ್ಲಿ, ಅಂದರೆ ಯುರೋಪಿನಿಂದ ಈಗಿನ ಇಸ್ರೇಲ್‌ಗೆ ಬಂದ ಯಹೂದಿಗಳು ಒಟ್ಟಿಗೆ ದುಡಿದು ಹಂಚಿಕೊಂಡು ಬಾಳಿದ ಹಳ್ಳಿಗಳಲ್ಲಿ, ಯಾರಿಗೂ ಸ್ವಂತದ್ದು ಅಂತ ಏನೂ ಇರಲಿಲ್ಲ, ಬಟ್ಟೆ ಕೂಡ ಎಲ್ಲರದ್ದು ಅಂತಾರೆ. ಹಾಗಾದರೆ ಅಲ್ಲಿನವರ ಖಾಸಗಿ ದಾಖಲೆಗಳು ಅಂತ ಇಟ್ಟಿದ್ದಾರಲ್ಲ, ಅವು ಎಲ್ಲಿಂದ ಬಂದವು? ಸಭೆಯ ನಡಾವಳಿ ಪುಸ್ತಕ ಇದ್ದ ಮೇಲೆ ಅವುಗಳಿಂದ ಏನು ಉಪಯೋಗ?

ಮೊದಲ ಭಾಗಕ್ಕೆ ಉತ್ತರ ಸುಲಭ. ಹೊಲ, ಹಸು, ದುಡ್ಡು ಎಲ್ಲಾ ಗುಂಪಿನದ್ದಾಗಿತ್ತು ನಿಜ. ಆದರೆ ಊರಿಂದ ಅಮ್ಮ ಬರೆದ ಕಾಗದ, ಒಂದು ದಿನಚರಿ, ನಾಲ್ಕು ಫೋಟೋ ಇವನ್ನೆಲ್ಲ ಗುಂಪಿನ ಲೆಕ್ಕಕ್ಕೆ ಬರೆದು ಏನು ಮಾಡೋದು? ಅವು ಅವರವರ ಹತ್ತಿರವೇ ಉಳಿದವು. ಆಮೇಲೆ ಎಷ್ಟೋ ಸಲ ಮಕ್ಕಳು, ಮೊಮ್ಮಕ್ಕಳು ಅವನ್ನು ತಂದು ಕಿಬ್ಬುಟ್ಸ್‌ನ ದಾಖಲೆ ಕೋಣೆಗೆ ಕೊಟ್ಟರು. ರಮತ್ ಎಫಾಲ್‌ನ ಯಾದ್ ತಾಬೆಂಕಿನ್, ಗಿವತ್ ಹವೀವಾದ ಯಾದ್ ಯಾರಿ ಥರದ ದೊಡ್ಡ ಸಂಗ್ರಹಗಳೂ ಇವೆ.

ಎರಡನೇ ಭಾಗವೇ ನಿಜವಾಗಿ ಸ್ವಾರಸ್ಯದ್ದು. ನಡಾವಳಿ ಪುಸ್ತಕದಲ್ಲಿ ಏನು ತೀರ್ಮಾನ ಆಯಿತು ಅಂತ ಇರುತ್ತದೆ. ಆ ರಾತ್ರಿ ಯಾರು ಮುನಿಸಿಕೊಂಡು ಊಟ ಬಿಟ್ಟು ಎದ್ದು ಹೋದರು ಅಂತ ಇರುವುದಿಲ್ಲ.

ಮೊದಲ ಕಿಬ್ಬುಟ್ಸ್ ಆದ ದೆಗಾನಿಯಾವನ್ನೇ ನೋಡಿ. 1910ರಲ್ಲಿ ಕಿನ್ನೆರೆತ್ (ಗಲಿಲಾಯ) ಸರೋವರದ ದಕ್ಷಿಣಕ್ಕೆ, ಉಮ್ ಜೂನಿ ಎಂಬ ಜಾಗದಲ್ಲಿ 10 ಗಂಡಸರು, 2 ಹೆಂಗಸರು ಸೇರಿ ಶುರು ಮಾಡಿದ್ದು. ಸಮಾನತೆ ಅಂತ ಹೇಳಿಕೊಂಡು ಬಂದವರೇ, ಆದರೂ ಅಡುಗೆ, ಬಟ್ಟೆ ಒಗೆಯೋದು ಹೆಂಗಸರ ತಲೆಗೇ! ಆ ಇಬ್ಬರಲ್ಲಿ ಒಬ್ಬರಾದ ಮಿರಿಯಮ್ ಬರಾಟ್ಜ್ ಸುಮ್ನೆ ಒಪ್ಪಿಕೊಳ್ಳಲಿಲ್ಲ. ಪಕ್ಕದ ಅರಬ್ ಹೆಂಗಸರ ಹತ್ತಿರ ಹಾಲು ಕರೆಯೋದು ಕಲಿತು ಕೊಟ್ಟಿಗೆಯ ಕೆಲಸ ಹಿಡಿದರು. ಐದು ವರ್ಷ ಯಾರೂ ಮದುವೆಯಾಗೋದು ಬೇಡ ಅಂತ ಗುಂಪಿನವರು ಮಾತಾಡಿಕೊಂಡಿದ್ದರಂತೆ. ಆ ಮಾತು ಮೊದಲು ಮುರಿದವರೂ ಇದೇ ಮಿರಿಯಮ್ ಮತ್ತು ಅದೇ ಗುಂಪಿನ ಯೋಸೆಫ್ ಬರಾಟ್ಜ್. 1913ರಲ್ಲಿ ಅವರಿಗೆ ಗಂಡು ಮಗು ಆಯಿತು, ಅದೇ ದೆಗಾನಿಯಾದ ಮೊದಲ ಮಗು. ಯೋಸೆಫ್ ತಮ್ಮ ನೆನಪುಗಳನ್ನು ಬರೆದಿಡದಿದ್ದರೆ ನಮಗೆ ಮಗು ಹುಟ್ಟಿದ ವರ್ಷ ಸಿಗುತ್ತಿತ್ತು, ಅದರ ಹಿಂದಿನ ಜಗ್ಗಾಟ ಸಿಗುತ್ತಿರಲಿಲ್ಲ.

ಬಟ್ಟೆಯ ವಿಷಯವೂ ಹೀಗೇ. ಎಷ್ಟೋ ಕಡೆ ಮೊದಮೊದಲು ಒಗೆದು ಬಂದ ರಾಶಿಯಿಂದ ಕೈಗೆ ಸಿಕ್ಕಿದ ಅಂಗಿ ಹಾಕಿಕೊಳ್ಳಬೇಕಿತ್ತು, ಆಮೇಲೆ ಒಬ್ಬೊಬ್ಬರ ಬಟ್ಟೆಗೂ ಗುರುತು ಹಾಕಿ ಅವರವರದ್ದು ಅವರವರಿಗೇ ಕೊಡುವ ಪದ್ಧತಿ ಬಂತು. ನಿಯಮ ಬದಲಾಯಿತು ಅಂತ ಒಂದು ಸಾಲಲ್ಲಿ ಬರೆದು ಮುಗಿಸಬಹುದು. ಆದರೆ ಮೊಣಕಾಲಿಗೆ ಬರುವ ಬೇರೆಯವರ ಪ್ಯಾಂಟು ಹಾಕಿಕೊಂಡು ವಾರವೆಲ್ಲ ಓಡಾಡಿದವರಿಗೆ ಅದು ಒಂದು ಸಾಲಿನ ವಿಷಯ ಅಲ್ಲ, ಅಲ್ವಾ? ಕೋಣೆ ಸಾಲದೆ ಗಂಡ ಹೆಂಡತಿಯ ಜೊತೆ ಮೂರನೆಯವರೊಬ್ಬರನ್ನು ಮಲಗಿಸುವುದೂ ಇತ್ತು. ಆ ಮೂರನೆಯವರಿಗೆ ಇಟ್ಟ ಅಡ್ಡಹೆಸರು 'ಪ್ರೈಮಸ್'. ಹೌದು, ನಮ್ಮ ಅಜ್ಜಿಯರು ಪಂಪ್ ಹೊಡೆದು ಹಚ್ಚುತ್ತಿದ್ದ ಅದೇ ಸ್ಟವ್! ಇಂಥ ಹೆಸರು ನಡಾವಳಿಯಲ್ಲಿ ಹುಡುಕಬೇಡಿ, ಕಾಗದದಲ್ಲೋ ಮುದುಕರ ನೆನಪಿನಲ್ಲೋ ಸಿಗಬೇಕು.

ಹಾಗಂತ ಖಾಸಗಿ ಕಾಗದ ಅಂದರೆ ಪೂರಾ ಸತ್ಯ ಅಂತಲೂ ಅಲ್ಲ. ಬಿತಾನಿಯಾ ಎಂಬ ಇನ್ನೊಂದು ನೆಲೆಯಲ್ಲಿ 1920ರಲ್ಲಿ ಬಂದು ಸೇರಿದ ಹುಡುಗ ಹುಡುಗಿಯರು ರಾತ್ರಿಯೆಲ್ಲ ಕೂತು ಮನಸ್ಸು ಬಿಚ್ಚಿ ಮಾತಾಡುತ್ತಿದ್ದರು. ಅವರ ಗುಂಪಿನ ಬರಹಗಳು 1922ರಲ್ಲಿ 'ಕೆಹಿಲ್ಲಿಯಾತೆನು' (ನಮ್ಮ ಸಮುದಾಯ) ಅನ್ನುವ ಪುಸ್ತಕವಾಗಿ ಬಂದವು. ಅದು ತೀರಾ ಒಳಗಿನ ಬರಹ ನಿಜ, ಆದರೆ ಜೊತೆಯವರು ಓದುತ್ತಾರೆ ಅಂತ ಗೊತ್ತಿದ್ದು ಬರೆದದ್ದು. ಇನ್ನೊಂದು ತೊಂದರೆ ಅಂದರೆ, ಬಿಟ್ಟು ಹೋದವರು ಬಹಳ ಜನ, ಅವರ ಕಾಗದ ಅವರ ಜೊತೆಯೇ ಹೋಯಿತು. ಹಾಲು ಕರೆಯೋದು ಕಲಿಸಿದ ಅರಬ್ ಹೆಂಗಸರ ಕಾಗದದ ಪೆಟ್ಟಿಗೆಯಂತೂ ಈ ದಾಖಲೆ ಕೋಣೆಗಳಲ್ಲಿ ಇಲ್ಲ.

ಓದೋದೂ ಸಲೀಸಲ್ಲ. ಒಂದೇ ಕಟ್ಟಿನಲ್ಲಿ ಹೀಬ್ರೂ, ಯಿಡ್ಡಿಷ್ (ಪೂರ್ವ ಯುರೋಪಿನ ಯಹೂದಿಗಳ ಮನೆಮಾತು), ರಷ್ಯನ್ ಬೆರೆತಿರಬಹುದು. ಎಷ್ಟೋ ಜನ ಬಂದ ಮೇಲೆ ಹೀಬ್ರೂ ಹೆಸರು ಇಟ್ಟುಕೊಂಡರು, ಮನೆಯವರಿಗೆ ಮಾತ್ರ ಹಳೆಯ ಹೆಸರೇ, ಹಾಗಾಗಿ ಇಬ್ಬರು ಅಂದುಕೊಂಡದ್ದು ಒಬ್ಬರೇ ಆಗಿಬಿಡಬಹುದು.

ಬರೆದ ಕಾಗದ, ಅದಕ್ಕೆ ಬಂದ ಉತ್ತರ ಎರಡೂ ಸಿಗೋದು ಇನ್ನೂ ಕಷ್ಟ. ಇವರು ಪೋಲೆಂಡ್, ಲಿಥುವೇನಿಯಾ, ಉಕ್ರೇನ್‌ನ ಮನೆಗಳಿಗೆ ಬರೆದ ಕಾಗದಗಳಲ್ಲಿ ಬಹಳಷ್ಟು, ನಾಜಿಗಳು ಆ ಮನೆಯವರನ್ನು ಕೊಂದಾಗ ಮನೆಗಳ ಜೊತೆಯೇ ಹೋದವು. ಉಳಿದದ್ದು ಅಪ್ಪ ಅಮ್ಮ ಬರೆದದ್ದು. ಮಲೇರಿಯಾ ಜ್ವರ ಬಿಟ್ಟಿತೇ ಅಂತ ಅಮ್ಮ ಕೇಳಿದ್ದರೆ, ಮಗಳಿಗೆ ಮಲೇರಿಯಾ ಬಂದಿತ್ತು ಅಂತ ನಾವು ಅದರಿಂದಲೇ ತಿಳಿದುಕೊಳ್ಳಬೇಕು.