2 ಜಿಬಿ ಟಾರ್ ಫೈಲನ್ನ ಪಪೆಟ್ ತಲೆ ಮೇಲೆ ಹೊರಿಸಬೇಡಿ

ಹೋದ ವಾರ ಮತ್ತೆ ಅದೇ ಫೋನು, ಪಪೆಟ್ (ಒಂದು ಸರ್ವರ್‌ನಿಂದ ಎಷ್ಟೋ ಮಷಿನ್‌ಗಳ ಸೆಟ್ಟಿಂಗು, ಸಾಫ್ಟ್‌ವೇರು ಸರಿಯಾಗಿಡೋ ಟೂಲು) ನೋಡ್ಕೊಳ್ಳೋ ಒಬ್ಬ ಹುಡುಗಂದು. "ಸರ್, ಪಪೆಟ್ ಸರ್ವರ್ ತುಂಬಾ ಸ್ಲೋ ಆಗಿದೆ, ಇನ್ನೊಂದು 16 ಜಿಬಿ ರ‍್ಯಾಮ್ ಹಾಕ್ಸೋಣ್ವಾ?" ರ‍್ಯಾಮ್ ಆಮೇಲೆ ನೋಡೋಣ, ಮೊದಲು ಮಾಡ್ಯೂಲ್ (ಪಪೆಟ್ ಕೋಡಿನ ಒಂದು ಕಟ್ಟು) ಒಳಗಿರೋ, ಮಷಿನ್‌ಗಳಿಗೆ ಕಳಿಸೋ ಫೈಲ್ ಇಡೋ ಫೈಲ್ಸ್ ಡೈರೆಕ್ಟರಿ ಎಷ್ಟು ದೊಡ್ಡದಿದೆ ನೋಡಿ ಹೇಳಪ್ಪ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ ಮೆಲ್ಲಗೆ, "2 ಜಿಬಿ ಇದೆ ಸರ್, ವೆಂಡರ್ ಕೊಟ್ಟ ಡೇಟಾಬೇಸ್ ಕ್ಲೈಂಟು, ಪ್ಯಾಕೇಜ್ ಕೊಟ್ಟಿಲ್ಲ ಅವ್ರು, ಬರೀ ಟಾರ್ ಫೈಲು, ಅದಕ್ಕೇ ಅಲ್ಲಿಟ್ವಿ" ಅಂದ. ಟಾರ್ ಅಂದ್ರೆ ಬಹಳ ಫೈಲನ್ನ ಒಂದೇ ಗಂಟು ಕಟ್ಟಿದ್ದು, ಪ್ಯಾಕೇಜ್ ಅಂದ್ರೆ ಹೆಸರು, ವರ್ಷನ್ ಸಮೇತ ಇನ್‌ಸ್ಟಾಲ್ ಮಾಡೋ ಕಟ್ಟು.

ಹುಡುಗ ಒಳ್ಳೆಯವನು, ಕೆಲಸದಲ್ಲಿ ಚುರುಕು. ಆದ್ರೆ ಈ ಒಂದು ವಿಷಯ ನಾನು ಹೋದ ಕಡೆಯೆಲ್ಲ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಇವತ್ತು ಬರೆದೇ ಬಿಡ್ತಿದೀನಿ.

ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ಒಂದೇ ಸಲ ತಾನೆ ಕಾಪಿ ಆಗೋದು, ಬದಲಾಗದಿದ್ರೆ ಮತ್ತೆ ಕಳ್ಸಲ್ಲ ಅಲ್ವಾ?" ಹೌದು, ಕಳ್ಸಲ್ಲ. ಆದ್ರೆ ಬದಲಾಗಿಲ್ಲ ಅಂತ ಅದಕ್ಕೆ ಗೊತ್ತಾಗೋದು ಹೇಗೆ? ಡೀಫಾಲ್ಟ್ ಆಗಿ, ಫೈಲನ್ನ ಮೊದಲಿಂದ ಕೊನೆವರೆಗೂ ಓದಿ ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಒಂದು ಸಂಖ್ಯೆ) ಲೆಕ್ಕ ಹಾಕಿ. ಪಪೆಟ್ ಏಜೆಂಟ್ (ಪ್ರತಿ ಮಷಿನ್‌ನಲ್ಲೂ ಇರೋ ಅದರ ಪ್ರೋಗ್ರಾಮು) ಡೀಫಾಲ್ಟ್ ಆಗಿ 30 ನಿಮಿಷಕ್ಕೊಂದು ಸಲ ಓಡತ್ತೆ, ಅಂದ್ರೆ ದಿನಕ್ಕೆ 48 ಸಲ. 2 ಜಿಬಿ ಫೈಲನ್ನ 48 ಸಲ ಓದಿದ್ರೆ ಒಂದೊಂದು ಮಷಿನ್‌ನಲ್ಲೂ ದಿನಕ್ಕೆ 96 ಜಿಬಿ. ಇವರ ಹತ್ರ ಇರೋದು 80 ಮಷಿನ್ನು, ಒಬ್ಬೊಬ್ಬರು ಕೇಳಿದಾಗ್ಲೂ ಸರ್ವರ್ ತನ್ನ ಹತ್ರ ಇರೋ ಕಾಪಿಗೂ ಅದೇ ಲೆಕ್ಕ ಹಾಕ್ಬೇಕು, ದಿನಕ್ಕೆ 3840 ಸಲ. ಡಿಸ್ಕ್ ಕ್ಯಾಶ್ ಇದ್ರೆ ಓದೋದು ಹಗುರ ಆಗಬಹುದು, ಆದ್ರೆ ಲೆಕ್ಕ ಹಾಕೋ ಸಿಪಿಯು ಕೆಲಸ ಹಾಗೇ ಇರತ್ತೆ. ಇಷ್ಟೆಲ್ಲ ಮಾಡಿ ಕೊನೆಗೆ ಬರೋ ಉತ್ತರ, ಏನೂ ಬದಲಾಗಿಲ್ಲ.

ಮನೇಲಿ ಅಕ್ಕಿ ಮೂಟೆ ಇದೆ ಅನ್ಕೊಳಿ. ಅರ್ಧ ಗಂಟೆಗೊಂದು ಸಲ ಮೂಟೆ ಬಿಚ್ಚಿ, ಸೇರಿನಲ್ಲಿ ಅಳೆದು, ಸರಿ ಇದೆ ಅಂತ ಮತ್ತೆ ಕಟ್ಟಿಡೋದು ಒಂದು ರೀತಿ. ಮೂಟೆಗೆ ಹೊಲಿದಿರೋ ಚೀಟಿ ಓದೋದು ಇನ್ನೊಂದು. ಪ್ಯಾಕೇಜ್ ಅಂದ್ರೆ ಆ ಚೀಟಿ. ಇನ್‌ಸ್ಟಾಲ್ ಆಗಿರೋ ವರ್ಷನ್ ಯಾವುದು ಅಂತ, ರೆಡ್ ಹ್ಯಾಟ್ ಬಗೆಯ ಲಿನಕ್ಸ್‌ನ ಪ್ಯಾಕೇಜ್ ವ್ಯವಸ್ಥೆಯಾದ ಆರ್‌ಪಿಎಂ ಡೇಟಾಬೇಸ್‌ನ ಕೇಳಿದ್ರೆ ಕಣ್ಣು ಮಿಟುಕಿಸೋದ್ರಲ್ಲಿ ಹೇಳತ್ತೆ. ಚೀಟಿ ಸರಿ ಇದೆ, ಒಳಗೆ ಇಲಿ ಹೊಕ್ಕಿದ್ರೆ ಏನ್ ಗತಿ ಅಂದ್ರೆ, ಅನುಮಾನ ಬಂದಾಗ ಅಳೆಯೋಕೆ ಆರ್‌ಪಿಎಂ ವೆರಿಫೈ ಇದೆ, ಅದನ್ನ ನೀವು ಬೇಕಾದಾಗ ಓಡಿಸ್ತೀರಿ ಅಷ್ಟೆ.

ಕೆಲವರು ಚೆಕ್‌ಸಮ್ ಜಾಗದಲ್ಲಿ ಎಂಡಿ5ಲೈಟ್ ಅನ್ನೋ ಹಗುರ ಬಗೆ ಹಾಕಿ ಗೆದ್ವಿ ಅನ್ಕೊಂತಾರೆ. ಅದು ನೋಡೋದು ಮೊದಲ 512 ಬೈಟ್ ಮಾತ್ರ. ಅರ್ಧಕ್ಕೆ ತುಂಡಾದ ಫೈಲಿಗೂ ಮೊದಲ 512 ಬೈಟ್ ಅದೇ ಇರತ್ತಲ್ಲಪ್ಪ! ಪಪೆಟ್ ಥರದ್ದೇ ಇನ್ನೊಂದು ಟೂಲಾದ ಅನ್ಸಿಬಲ್‌ನವರೂ ನಮಗಿದು ಅನ್ವಯಿಸಲ್ಲ ಅನ್ಬೇಡಿ, ಅದರ ಕಾಪಿ ಮಾಡ್ಯೂಲ್ ಕೂಡ ಎರಡೂ ಕಡೆ ಚೆಕ್‌ಸಮ್ ಹೋಲಿಸತ್ತೆ, ನೂರಾರು ಫೈಲ್ ಇರೋ ಡೈರೆಕ್ಟರಿಗೆ ಇದು ಆಗಿಬರಲ್ಲ, ಸಿಂಕ್ರೊನೈಸ್ ಮಾಡ್ಯೂಲ್ ನೋಡಿ ಅಂತ ಅವರ ಡಾಕ್ಯುಮೆಂಟಲ್ಲೇ ಬರೆದಿದೆ.

ಇನ್ನು ಎಕ್ಸೆಕ್ (ಪಪೆಟ್‌ನಿಂದ ನೇರ ಕಮಾಂಡ್ ಓಡಿಸೋದು) ಬರೆದು ಟಾರ್ ಬಿಚ್ಚೋರು. ಕೆಲವು ವರ್ಷದ ಹಿಂದೆ ಒಂದು ಕಡೆ ರಾತ್ರಿ ಒಂದೂವರೆಗೆ ಎಬ್ಬಿಸಿದ್ರು, 40 ಮಷಿನ್‌ನಲ್ಲಿ 3 ಮಾತ್ರ ಅಪ್ಲಿಕೇಶನ್ ಎತ್ತುತ್ತಿಲ್ಲ, ರಿಪೋರ್ಟ್ ನೋಡಿದ್ರೆ ಎಲ್ಲಾ ಹಸಿರು. ಕ್ರಿಯೇಟ್ಸ್‌ಗೆ ಡೈರೆಕ್ಟರಿ ಹೆಸರು ಕೊಟ್ಟಿದ್ರು, ಅಂದ್ರೆ ಅದು ಇದ್ರೆ ಕಮಾಂಡ್ ಓಡಿಸಬೇಡ ಅಂತ. ಆ 3 ಮಷಿನ್‌ನಲ್ಲಿ ಬಿಚ್ಚೋವಾಗ ಡಿಸ್ಕ್ ತುಂಬಿ ಟಾರ್ ಅರ್ಧಕ್ಕೆ ನಿಂತಿದೆ, ಆದ್ರೆ ಡೈರೆಕ್ಟರಿ ಆಗ್ಲೇ ಹುಟ್ಟಿತ್ತು. ಮುಂದಿನ ರನ್‌ನಲ್ಲಿ ಡೈರೆಕ್ಟರಿ ಇದೆಯಾ? ಇದೆ, ಹಾಗಾದ್ರೆ ಕೆಲಸ ಆಗಿದೆ. ಒಳಗೆ ಏನಿದೆ, ಯಾವ ವರ್ಷನ್ ಅಂತ ಅದು ಕೇಳೋದೇ ಇಲ್ಲ. ಎಕ್ಸೆಕ್ ಮಾಡಲೇಬೇಕಾದ್ರೆ ಟಾರ್ ಪೂರ್ತಿ ಬಿಚ್ಚಿದ ಮೇಲೇ ವರ್ಷನ್ ನಂಬರ್ ಇರೋ ಒಂದು ಖಾಲಿ ಫೈಲ್ ಹುಟ್ಟಿಸಿ, ಕ್ರಿಯೇಟ್ಸ್‌ಗೆ ಅದನ್ನ ಕೊಡಿ.

ಆದ್ರೆ ಅಷ್ಟು ದೂರ ಯಾಕೆ ಹೋಗ್ಬೇಕು, ಪ್ಯಾಕೇಜ್ ಕಟ್ಟೋದು ಈಗ ಅಂಥ ಕಷ್ಟ ಅಲ್ವೇ ಅಲ್ಲ. ಜೋರ್ಡನ್ ಸಿಸೆಲ್ ಬರೆದ ಎಫ್‌ಪಿಎಂ ಅಂತ ಟೂಲ್ ಇದೆ, ಒಂದು ಡೈರೆಕ್ಟರಿ, ಒಂದು ಹೆಸರು, ಒಂದು ವರ್ಷನ್ ಕೊಟ್ರೆ ಆರ್‌ಪಿಎಂ ಬೇಕಾ ಡೆಬ್ (ಡೆಬಿಯನ್, ಉಬುಂಟು ಪ್ಯಾಕೇಜು) ಬೇಕಾ ಎರಡೂ ಕಟ್ಟಿಕೊಡತ್ತೆ, ಪ್ಯಾಕೇಜ್ ಕಟ್ಟೋ ಸೂಚನೆಗಳ ಸ್ಪೆಕ್ ಫೈಲ್ ಬರೆಯೋ ತಲೆನೋವಿಲ್ಲ. ಅದನ್ನ ಒಳಗಿನ ಒಂದು ರೆಪೊದಲ್ಲಿ (ಪ್ಯಾಕೇಜ್ ಉಗ್ರಾಣ) ಇಡಿ, ಅದನ್ನ ಕಟ್ಟೋಕೆ ಕ್ರಿಯೇಟ್‌ರೆಪೊ ಅಥವಾ ಆಪ್ಟ್ಲಿ ಸಾಕು, ಮುಂದೆ ಹಂಚೋಕೆ ಒಂದು ವೆಬ್ ಸರ್ವರ್, ಎಂಜಿನ್‌ಎಕ್ಸ್. ಪಪೆಟ್‌ಗೆ ಹೇಳೋದು, ಈ ಪ್ಯಾಕೇಜಿನ ಈ ವರ್ಷನ್ ಇರಲಿ, ಇಷ್ಟೇ. ಡಿಪೆಂಡೆನ್ಸಿ (ಜೊತೆಗೆ ಬೇಕಾದ ಬೇರೆ ಪ್ಯಾಕೇಜು) ಮಾತ್ರ ನೀವೇ ಹೇಳ್ಬೇಕು. ನಮ್ಮ ಹುಡುಗನ ಕ್ಲೈಂಟ್‌ಗೆ ಲಿಬ್‌ಎಐಒ ಅನ್ನೋ ಲೈಬ್ರರಿ ಬೇಕಿತ್ತು, ಅದನ್ನ ಸೇರಿಸೋಕೆ ಮರೆತು ಮೊದಲ ಪ್ಯಾಕೇಜ್ ಕೈಕೊಡ್ತು. ವೆಂಡರ್ ಲೈಸೆನ್ಸ್‌ನಲ್ಲಿ ಮರುಹಂಚಿಕೆ ಬಗ್ಗೆ ಏನಿದೆ ಅಂತಾನೂ ಒಮ್ಮೆ ಕೇಳ್ಕೊಳ್ಳಿ, ನಾನು ವಕೀಲ ಅಲ್ಲ.

ಎಲ್ಲಾನೂ ಪ್ಯಾಕೇಜ್ ಮಾಡಿ ಅಂತಾನೂ ನಾನು ಹೇಳಲ್ಲ. ಡೆಬ್ ಒಳಗಿರೋ ಎಆರ್ ಫಾರ್ಮ್ಯಾಟ್‌ನಲ್ಲಿ ಸೈಜನ್ನ ಬೈಟ್ ಲೆಕ್ಕದಲ್ಲಿ ಬರೆಯೋಕೆ 10 ಅಂಕಿ ಜಾಗ ಮಾತ್ರ, ಹತ್ತಿರ ಹತ್ತಿರ 10 ಜಿಬಿಗೆ ಬಾಗಿಲು ಮುಚ್ಚತ್ತೆ. ದೊಡ್ಡ ಮಾಡೆಲ್ ಫೈಲು, ವಿಎಂ ಇಮೇಜು ಇಂಥವನ್ನ ಎಚ್‌ಟಿಟಿಪಿ ಸರ್ವರ್‌ನಲ್ಲಿಟ್ಟು, ವರ್ಷನ್ ಹೆಸರಿನ ಡೈರೆಕ್ಟರಿಗೆ ಇಳಿಸಿ, ಇಳಿದ ತಕ್ಷಣ ಒಂದೇ ಸಲ ಚೆಕ್‌ಸಮ್ ನೋಡಿ, ಆಮೇಲೆ ಕರೆಂಟ್ ಅನ್ನೋ ಸಿಮ್‌ಲಿಂಕ್ (ಬೇರೆ ಡೈರೆಕ್ಟರಿಯನ್ನ ತೋರಿಸೋ ಕೊಂಡಿ) ಅದರ ಕಡೆ ತಿರುಗಿಸಿ.

ಹುಡುಗ ಮಧ್ಯಾಹ್ನ ಕೂತು ಪ್ಯಾಕೇಜ್ ಕಟ್ಟಿದ, ಸಂಜೆಗೆ ಸರ್ವರ್ ಲೋಡ್ ಇಳಿಯಿತು. ಮಾರನೇ ದಿನ ಮತ್ತೆ ಫೋನು, "ಫೈಲ್ ಡಿಲೀಟ್ ಮಾಡಿದೀನಿ ಸರ್, ಆದ್ರೂ ಗಿಟ್ ಕ್ಲೋನ್ 2 ಜಿಬಿ ಎಳೀತಿದೆ." ಎಳೀಲೇಬೇಕು, ಪಪೆಟ್ ಕೋಡ್ ಇರೋದು ಗಿಟ್‌ನಲ್ಲಿ, ಅದರ ಹಳೇ ಬದಲಾವಣೆಗಳ ಹಿಸ್ಟರಿಯಲ್ಲಿ ಅದು ಇನ್ನೂ ಕೂತಿದೆ. ಗಿಟ್ ಫಿಲ್ಟರ್ ರೆಪೊ ಓಡಿಸಿ ಹಿಸ್ಟರಿ ತಿದ್ದಬೇಕು, ಆಮೇಲೆ ಎಲ್ಲರೂ ಹೊಸದಾಗಿ ಕ್ಲೋನ್ ಮಾಡ್ಕೋಬೇಕು. ಶನಿವಾರ ಬೆಳಿಗ್ಗೆ ಜೊತೇಲಿ ಕೂತು ಮಾಡೋಣ, ಅಷ್ಟರಲ್ಲಿ ಬಾಕಿ ಇರೋ ಬ್ರಾಂಚ್ ಎಲ್ಲ ಮರ್ಜ್ ಮಾಡಿ ಮುಗಿಸೋಕೆ ಹೇಳು ಅಂದಿದೀನಿ.